ಬಡಾಹಿತ್ಲು ಮನೆಯ ಯಜಮಾನರು

ನನ್ನ ಹೆಂಡತಿ ಸುಗುಣಳಿಗೆ ಎಲ್ಲವೂ ಇದೆ, ಇತಿಹಾಸಪ್ರಜ್ಞೆ ಒಂದು ಇಲ್ಲ. ಮದುವೆಯಾದ ಹೊಸತರಲ್ಲಿ ನಾನು ಯಾವ ದಿನ ಯಾವ ಸುಳ್ಳು ಹೇಳಿದೆ ಎಂಬುದನ್ನು ಅವಳು ಈಗಲೂ ತಡವರಿಸದೆ ಹೇಳಬಲ್ಲಳು, ನಿಜ. ಆದರೆ ಅದು ಇತಿಹಾಸವಲ್ಲ, ಆರೋಪಪಟ್ಟಿ. ನಾನು ಹೇಳುತ್ತಿರುವುದು ಮನೆತನ, ಪರಂಪರೆ ಮುಂತಾದ ಘನವಾದ ವಿಷಯಗಳ ಬಗ್ಗೆ.

ಕೋಟದ ಪಡುಬದಿಯಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ, ಬಡಾಹಿತ್ಲು ಎಂಬ ಹಳೆಯ ಮನೆ ಇದೆ. ನಾನು ಹುಟ್ಟಿದ್ದು, ಬೆಳೆದದ್ದು, ಈಗ ಹೆಂಡತಿಯಿಂದ ಬೈಸಿಕೊಳ್ಳುತ್ತಿರುವುದು ಎಲ್ಲವೂ ಅದೇ ಮನೆಯಲ್ಲಿ. ಸುಗುಣ ಬೀಜಾಡಿಯವಳು. ಅಪ್ಪನ ಒಬ್ಬಳೇ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು, ಆ ಸೋದರತ್ತೆಯ ಮಗಳನ್ನೇ ನಾನು ಮದುವೆಯಾದೆ. ನಮ್ಮ ಕಡೆ ಇದು ಮಾಮೂಲು. (ಬೈಗುಳವೂ ಮನೆತನದೊಳಗೇ ಉಳಿಯುತ್ತದೆ.)

ಹೀಗಿರುವಾಗ ಯುವಕ ಮಂಡಲದ ಪ್ರವೀಣ ನನ್ನ ಬಲೆ-ಹಗ್ಗದ ಅಂಗಡಿಗೆ ಬಂದ.

"ರವಿಚಂದ್ರಣ್ಣ, ಊರಿನ ಹಳೆ ಮನಿಗಳಿಗೆಲ್ಲ ಒಂದೊಂದ್ ಬೋರ್ಡ್ ಹಾಕುದ್ ಅಂದೇಳಿ ಮಾಡಿತ್. ಮನಿ ಕಥಿ, ಈಗಿನ ಯಜಮಾನ್ರ್ ಹೆಸ್ರ್. ನಿಮ್ ಮನಿದ್ ನೀವೇ ಬರ್ದ್ ಕೊಡಿ. ನಿಮ್ಮ ಅಮ್ಮನ ಗಂಗೊಳ್ಳಿ ಮನಿದೂ ಬರೀತ್ರ್ಯಾ?"

"ಅಲ್ಲಿ ಎಂತ ಇತ್ತ್ ಮಾರಾಯಾ? ಒಂದ್ ಒಡ್ದ್ ಹೋದ್ ಮೆಟ್ಲ್, ಒಂದ್ ಬೆಕ್ಕ್. ಅದ್ ಬಿಡ್" ಎಂದೆ.

ಈಗಿನ ಯಜಮಾನರು! ಆ ಎರಡು ಪದಗಳು ನನ್ನ ಎದೆಯಲ್ಲಿ ಡೋಲು ಬಾರಿಸಿದವು. ಅಪ್ಪ ಇರುವವರೆಗೂ ಮನೆಯ ದೈವ ಹಾಯ್ಗುಳಿಯ ಪೂಜೆಯಲ್ಲಿ ಮೊದಲ ಪ್ರಸಾದ ಅವರಿಗೆ. ನನಗೋ ಅಂಗಳದಲ್ಲಿ ಕುರ್ಚಿ ಹಾಕುವ ಕೆಲಸ. ಅಪ್ಪ ತೀರಿಕೊಂಡ ಮೇಲಿನ ಮೊದಲ ಪೂಜೆ ಹತ್ತಿರ ಬಂದಿತ್ತು. ಆ ದಿನವೇ ಬೋರ್ಡಿನ ಅನಾವರಣ, ಆಮೇಲೆ ಮೊದಲ ಪ್ರಸಾದ ನನ್ನ ಕೈಗೆ. ಇಷ್ಟು ವರ್ಷ ಕುರ್ಚಿ ಹೊತ್ತವನಿಗೆ ಅಷ್ಟಾದರೂ ಬೇಡವೇ?

ಬರೆಯಲು ಕುಳಿತೆ. ನಮ್ಮ ಮನೆಯ ಅಜ್ಜನೊಬ್ಬ ಬಿರುಗಾಳಿಯಲ್ಲಿ ಒಂದೇ ಹುಟ್ಟು ಹಿಡಿದು ದೋಣಿಯನ್ನು ದಡ ಮುಟ್ಟಿಸಿದ್ದನ್ನು ಬರೆದೆ. (ದೋಣಿ ಯಾರದ್ದೋ, ಬಿರುಗಾಳಿ ನನ್ನದು.)

"ಹ್ವಾಯ್, ಎಂತ ಬರೂದ್ ಆಗಿಂದ? ಬಂಗ್ಡಿ ಸಾರ್ ತಣ್ದ್ ಹೋಯ್ತ್" ಎಂದಳು ಸುಗುಣ. ಬಗ್ಗಿ ಓದಿದಳು. "ಅಜ್ಜ ಬಿರ್ಗಾಳಿ ಗೆದ್ದದ್ದಾ? ಅವ್ರಿಗೆ ದೋಣಿ ಹತ್ತಿರೆ ವಾಂತಿ ಬತ್ತಿತ್ತ್ ಅಂದೇಳಿ ನನ್ನಮ್ಮ ಹೇಳ್ತಿದ್ರಲೆ. ಒಂದ್ ಮಾತ್ ಅಮ್ಮನ ಹತ್ರ ಕೇಣಿ."

"ಕಾಣ್ ಸುಗುಣ, ನೀ ಬೀಜಾಡಿಯಿಂದ ಬಂದವ್ಳ್. ಬಡಾಹಿತ್ಲು ಮನಿ ವಿಷ್ಯದಂಗೆ ಬಾಯಿ ಹಾಕ್ಬೇಡ."

ಅವಳು ಜಗಳ ಮಾಡಲಿಲ್ಲ. ನಕ್ಕು, "ಆಯ್ತ್, ನೀವೇ ಬರೀನಿ" ಎಂದು ಒಳಗೆ ಹೋದಳು. ನಮ್ಮ ಮನೆಯಲ್ಲಿ ಮಾತಿಗೆ ಮಾತು ಬರಲಿಲ್ಲವೆಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಯಜಮಾನಿಕೆಯ ಅಮಲಿನಲ್ಲಿ ನನಗೆ ಅದು ಹೊಳೆಯಲಿಲ್ಲ.

ಕೊನೆಯಲ್ಲಿ ಒಂದು ಗಂಭೀರ ಸಾಲು ಬೇಕೆನಿಸಿತು. ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆತನ ತಾಯಿಯಿಂದ ಇಳಿಯುತ್ತದೆ, ಅಪ್ಪನಿಂದಲ್ಲ. ಈಗ ಆಸ್ತಿಗೆ ಕಾನೂನು ಬೇರೆ ಇದ್ದರೂ ದೈವದ ಮುಂದೆ ಹಳೆಯ ಕಟ್ಟಳೆಯೇ. ಇದನ್ನು ಹೆಮ್ಮೆಯಿಂದ, ಉಕ್ಕಿ ಬಂದ ಸ್ತ್ರೀಗೌರವದಿಂದ ಬರೆದೆ. ಅದರ ಕೆಳಗೆ, ಅಷ್ಟೇ ಹೆಮ್ಮೆಯಿಂದ, ನನ್ನ ಹೆಸರು ಬರೆದೆ.

ಪೂಜೆಯ ದಿನ ಮುಂಬೈಯಿಂದ, ಬೈಂದೂರಿನಿಂದ, ಎಲ್ಲೆಲ್ಲಿಂದಲೋ ಕುಟುಂಬದವರು ಬಂದರು. ನಾನು ಜರಿ ಪಂಚೆ ಉಟ್ಟು, ಕುರ್ಚಿಗಳ ಕಡೆ ತಿರುಗಿಯೂ ನೋಡದೆ, ಚಾವಡಿಯ ಮಧ್ಯೆ ನಿಂತೆ. ಪೂಜೆ ಮಾಡುವ ಮಂಜಯ್ಯ ಎಂದಿನಂತೆ ಕೂಗಿದರು:

"ಮನಿಯರ್ ಒಳ್ಗೆ ಬನ್ನಿ, ನೆಂಟ್ರ್ ಅಂಗ್ಳದಂಗೆ ನಿಲ್ಲಿ!"

ನಾನು ಇನ್ನಷ್ಟು ನೆಟ್ಟಗಾದೆ. ಬೀಜಾಡಿಯ ಅತ್ತೆ, ಅಂದರೆ ಸುಗುಣಳ ಅಮ್ಮ, ಕೋಲೂರಿಕೊಂಡು ಒಳಗೆ ಬಂದು ಮೊದಲು ಬೋರ್ಡು ನೋಡಬೇಕು ಎಂದರು. ನಾನೇ ಬಟ್ಟೆ ಸರಿಸಿದೆ. ಕನ್ನಡಕ ತಂದಿಲ್ಲವೆಂದು ಅತ್ತೆ ನನ್ನ ಮಗಳು ಚಂದನಾಳ ಕೈಯಲ್ಲಿ ಓದಿಸಿದರು. ಬಿರುಗಾಳಿ ಬಂದಾಗ ಅತ್ತೆ ಕೆಮ್ಮಿದರು. ಕೊನೆಯ ಸಾಲು ಬಂತು.

"'ಈ ಮನೆತನವು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹರಿದು ಬಂದಿದೆ. ಗಂಡುಮಕ್ಕಳ ಸಂತಾನವು ಈ ಮನೆಗೆ ಸೇರುವುದಿಲ್ಲ.'"

"ಲಾಯ್ಕ್ ಬರ್ದಿದ್ದೆ ಮಗಾ" ಎಂದರು ಅತ್ತೆ. "ಆರೆ ನೀ ಎಂತಕ್ ಒಳ್ಗೆ ನಿಂತಿದ್ದೆ?"

"ನಾನ್ ಅಪ್ಪನ ಮಗ ಅಲ್ದಾ ಅತ್ತೆ?"

"ಹೌದಲೆ. ನಿನ್ನಪ್ಪ ಈ ಮನಿಯ ಗಂಡ್. ನೀ ಆ ಗಂಡಿನ ಸಂತಾನ. ನೀ ಗಂಗೊಳ್ಳಿಯವ್ನ್, ನಿನ್ನಮ್ಮನ ಮನಿಯವ್ನ್. ಈ ಮನಿಯರ್ ನಾನ್, ನನ್ ಮಗ್ಳ್ ಸುಗುಣ, ಅವ್ಳ್ ಮಕ್ಳ್. ನೀನೇ ಬರ್ದದ್ದಲ್ದಾ?"

ಚಾವಡಿಯಲ್ಲಿ ನಗು ಸಿಡಿಯಿತು. ಮಂಜಯ್ಯನವರ ಗಂಟೆ ಕೂಡ ಕಿಣಿಕಿಣಿ ನಕ್ಕಂತಾಯಿತು. ನನ್ನ ಹೆಂಡತಿ ಮನೆಯವಳು, ಮಗ ಸುಜನ್ ಮನೆಯವನು, ಮಗಳು ಮನೆಯವಳು. ನಾಲ್ಕು ಜನರ ಸಂಸಾರದಲ್ಲಿ ಹೊರಗಿನವನು ನಾನೊಬ್ಬನೇ. ಅದನ್ನೂ ಸ್ವಹಸ್ತದಿಂದ ಬರೆದು, ಚೌಕಟ್ಟು ಹಾಕಿಸಿ, ಮೊಳೆ ಹೊಡೆಸಿದ್ದೆ!

ಅಂಗಳಕ್ಕಿಳಿದೆ. ಅಲ್ಲಿ ಪಕ್ಕದ ಹಿತ್ಲಿನ ಅಶೋಕ ನಿಂತಿದ್ದ. ಕುಟುಂಬದ ಇನ್ನೊಂದು ಕವಲಿನ ಹುಡುಗಿಯನ್ನು ಮದುವೆಯಾಗಿ ಹೆಂಡತಿಯ ಮನೆಯಲ್ಲೇ ಇರುವವನು. ನಾನು ಅವನನ್ನು ಕಂಡಾಗಲೆಲ್ಲ "ಮನೆಯಳಿಯ, ಮನೆಯಳಿಯ" ಎಂದು ಛೇಡಿಸಿದ್ದೇನೆ. ಅವನು ಸ್ವಲ್ಪ ಸರಿದು ಜಾಗ ಮಾಡಿದ.

"ಬನ್ನಿ ಭಾವ, ಇಲ್ಲಿ ನೆರ್ಳ್ ಇತ್ತ್. ಆ ಕುರ್ಚಿ ಒಂಚೂರ್ ಈಚಿಗ್ ಹಾಕಿನಿ."

ಹಾಕಿದೆ. ಅಭ್ಯಾಸವಿತ್ತಲ್ಲ.

ಮೊದಲ ಪ್ರಸಾದ ಅತ್ತೆಗೆ, ಆಮೇಲೆ ಸುಗುಣಳಿಗೆ. ಅವಳು ನನ್ನ ಪಾಲನ್ನು ಬಾಳೆಲೆಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದಳು. ಆ ನಡಿಗೆಯಲ್ಲಿ ಪಾಳೇಗಾರರ ಗತ್ತು.

"ತಕಣಿ. ಬೀಜಾಡಿಯಿಂದ ಬಂದವ್ಳ್ ಕೊಡುದ್."

"ನಿಂಗ್ ಮೊದ್ಲೇ ಗೊತ್ತಿತ್ತಾ?"

"ಅಮ್ಮನ ಹತ್ರ ಕೇಣಿ ಅಂದಿದ್ನಲೆ" ಎಂದಳು. ಆಮೇಲೆ, ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ತನ್ನ ಪಾಲಿನ ಬಾಳೆಹಣ್ಣನ್ನೂ ನನ್ನ ಎಲೆಗೆ ಹಾಕಿದಳು. ನನಗೆ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮರುವಾರ ಪ್ರವೀಣ ಬೋರ್ಡು ತಿದ್ದಿಸಿದ. ಅತ್ತೆಯ ಹೆಸರು, ಸುಗುಣಳ ಹೆಸರು. ನನ್ನ ಶ್ರಮ ವ್ಯರ್ಥವಾಗಬಾರದೆಂದು ತೀರ ಕೆಳಗೆ ಸಣ್ಣ ಅಕ್ಷರದಲ್ಲಿ 'ಬರಹ: ಸುಗುಣ ಅವರ ಗಂಡ' ಎಂದು ಹಾಕಿಸಿದ.

ಅದನ್ನು ಎಷ್ಟು ದಿನ ನೋಡುತ್ತ ಕೂರುವುದು? ಒಂದು ಸಂಜೆ ಗಂಟಲು ಸರಿಮಾಡಿಕೊಂಡು ಹೇಳಿದೆ: "ಸುಗುಣ, ನಮ್ಮ ಗಂಗೊಳ್ಳಿ ಮನಿಗೂ ಒಂದ್ ಬೋರ್ಡ್ ಹಾಕುದ್ ಅಂದೇಳಿ ಮಾಡಿದೆ. ಅಮ್ಮ ಈಗ ಇಲ್ಲ, ಅವ್ರಿಗೆ ಅಕ್ಕ-ತಂಗಿದೀರ್ ಇಲ್ಲ, ನಂಗೆ ಅಕ್ಕ-ತಂಗಿ ಇಲ್ಲ. ಅಲ್ಲಿ ಯಜಮಾನ ನಾನೇ, ಯಾರೂ ತಕರಾರ್ ಮಾಡುಕೆ ಆತಿಲ್ಲೆ."

ಸುಗುಣ ಮೀನು ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ಬೋರ್ಡ್ ಹಾಕುಕ್ ಮುಂಚೆ ಅಲ್ಲಿಪ್ಪು ಬೆಕ್ಕ್ ಹೆಣ್ಣಾ ಗಂಡಾ, ಅದೊಂದ್ ಕಂಡ್ಕಣಿ."