ಮಾವನವರ ರಕ್ತದಲ್ಲಿ ಪೊಟ್ಯಾಸಿಯಂ

ಮೇಷ್ಟ್ರುಗಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಗಂಟೆ ಹೊಡೆದರೂ ನಮ್ಮ ಪಾಠ ನಿಲ್ಲುವುದಿಲ್ಲ. ನಾನು ಮರಾಠಿ ನಾಡಿನ ಸಂಭಾಜಿನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ದೇಹ ಹೇಗೆ ಕೆಲಸ ಮಾಡುತ್ತದೆಂದು ಕಲಿಸುವವನು. ಅದರಲ್ಲೂ ಪೊಟ್ಯಾಸಿಯಂ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ನನ್ನ ಬೀದರ್ ಮರಾಠಿಯಲ್ಲಿ ಕೈ ಬೀಸಿ ಬೀಸಿ ಹೇಳುತ್ತೇನೆ: ಅದು ಇರಬೇಕಾದ್ದು ಜೀವಕೋಶದ ಒಳಗೆ, ರಕ್ತದಲ್ಲಿ ಚೂರೇ ಚೂರು. ಉಂಡ ಮೇಲೆ ಇನ್ಸುಲಿನ್ ಅದನ್ನು ಒಳಗೆ ದೂಡುತ್ತದೆ, ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಗೃಹಪ್ರವೇಶದ ಊಟದ ಪಂಕ್ತಿಯಲ್ಲೂ ಇದನ್ನು ಹೇಳಿದ್ದೇನೆ. ಪಕ್ಕದವರು ಎಲೆ ಬಿಟ್ಟು ಎದ್ದದ್ದೂ ಉಂಟು.

ಹೋದ ವರ್ಷ ಬೀದರಿನಿಂದ ಮಾವನವರು ಬಂದರು. ಹಳೆಯ ಬಿಪಿ, ಅರ್ಧ ಸೋತ ಕಿಡ್ನಿ. ಅಡುಗೆಮನೆಯ ಆಡಳಿತವನ್ನು ನಾನೇ ವಹಿಸಿಕೊಂಡೆ. ಪೊಟ್ಯಾಸಿಯಂ ಹೆಚ್ಚಿರುವ ಬಾಳೆಹಣ್ಣು ಬಂದ್, ಎಳನೀರು ಬಂದ್. ಬಿಪಿಗೆ ಒಳ್ಳೆಯದೆಂದು ಸೋಡಿಯಂ ಕಡಿಮೆ ಇರುವ ಹೊಸ ಉಪ್ಪು ತಂದೆ. ತಿಂಗಳಾಗುವುದರೊಳಗೆ ಅವರಿಗೆ ಕಾಲಲ್ಲಿ ಬಲವಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ ಏರಿ ಕೂತಿದೆ! ಡಾಕ್ಟರು ನಿಂತ ನಿಲುವಿನಲ್ಲೇ ಆಸ್ಪತ್ರೆಗೆ ಸೇರಿಸಿಕೊಂಡರು.

ಮಂಚದ ಪಕ್ಕದಲ್ಲೇ ನನ್ನ ವಿಚಾರಣೆ ಶುರುವಾಯಿತು.

"ಮಾವಾರ, ಖರೇ ಹೇಳ್ರಿ. ಕದ್ದು ಬಾಳೆಹಣ್ಣು ತಿಂದೀರೇನು?"

"ಇಲ್ರಿ."

"ಎಳನೀರು?"

"ನೀವು ನನ್ನ ಓಣಿಗೇ ಬಿಟ್ಟಿಲ್ಲ. ಎಲ್ಲಿಂದ ಕುಡೀಲ್ರಿ?"

ನಾನು ನಂಬದೆ ಅವರ ಚೀಲದಲ್ಲೂ ಕೈಯಾಡಿಸಿದೆ. ಹಿರಿಯರು ಗೋಡೆಯ ಕಡೆ ಹೊರಳಿದರು. ಆದರೂ ನನ್ನ ಅನುಮಾನ ಹೋಗಲಿಲ್ಲ.

ಮನೆಯಲ್ಲಿ ಡಬ್ಬಿಗಳನ್ನೆಲ್ಲ ಹುಡುಕುತ್ತಿದ್ದ ಹೆಂಡತಿ ಸುನಂದಾ ಫೋನ್ ಮಾಡಿದಳು. "ರೀ, ನೀವು ತಂದ ಉಪ್ಪಿನ ಪಾಕೀಟಿನ ಹಿಂದ ಪೊಟ್ಯಾಸಿಯಂ ಕ್ಲೋರೈಡ್ ಅಂತ ಬರದದ. ನೀವು ದಿನಾ ಪಾಠ ಹೇಳೂದು ಇದರದ ಏನ್ರಿ?"

ಅದರದೇ ಪಾಠ. ಸೋಡಿಯಂ ತೆಗೆದ ಜಾಗಕ್ಕೆ ಏನು ತುಂಬಿದ್ದಾರೆಂದು ನಾನು ನೋಡಿಯೇ ಇರಲಿಲ್ಲ. ಓಡಿಹೋಗಿ ಡಾಕ್ಟರಿಗೆ ಒಪ್ಪಿಕೊಂಡೆ. ಮೂರು ದಿನದಲ್ಲಿ ಪೊಟ್ಯಾಸಿಯಂ ಇಳಿಯಿತು, ಮಾವನವರು ಎದ್ದು ಕೂತರು. ಕಾಲು ಹಿಡಿದು ತಪ್ಪಾಯಿತೆಂದೆ.

"ಇರ್ಲಿ ಬಿಡ್ರಿ ಅಳಿಯಾರ," ಎಂದರು. "ಬ್ಯಾರೆ ಉಪ್ಪು ತರ್ರಿ. ತರೂಕಿಂತ ಮೊದಲ ನನ್ನ ಮಗಳ ಕೈಲಿ ಓದಸ್ರಿ."

ಮರುವಾರ ತರಗತಿಯಲ್ಲಿ ಈ ಕತೆಯನ್ನು ಯಾರೋ ಒಬ್ಬ ಅಳಿಯನದೆಂದು ಹೇಳಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪಕ್ಕದ ಸಿಲ್ಲೋಡ್ ಊರಿನ ಹುಡುಗಿಯೊಬ್ಬಳು ಎದ್ದು ಮರಾಠಿಯಲ್ಲಿ ಕೇಳಿದಳು: "ಸರ್, ಆ ಅಳಿಯ ಕಾಲೇಜಿನ ಮುಖವನ್ನಾದರೂ ನೋಡಿದ್ದಾನೆಯೇ?"

"ದಿನಾ ನೋಡ್ತಾನಮ್ಮ," ಎಂದೆ.