ಗಂಗಾವತಿ ಪೇಶ್ಕಾರರ ಕೆಮ್ಮು

ನನ್ನ ಸೋದರಮಾವನಷ್ಟು ಪರರ ಆರೋಗ್ಯದ ಚಿಂತೆ ಮಾಡಿದ ಮನುಷ್ಯ ನಮ್ಮ ಕಡೆಯ ನಾಲ್ಕೂ ತಾಲೂಕುಗಳಲ್ಲಿ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ. ಕುಷ್ಟಗಿಯ ಕೋರ್ಟಿನಲ್ಲಿ ಕೂತುಕೊಂಡೇ ಗಂಗಾವತಿಯ ಕೆಮ್ಮು, ಯಲಬುರ್ಗಾದ ಹೊಟ್ಟೆನೋವು, ಕೊಪ್ಪಳದ ಮೊಣಕಾಲು ನೋವು ಎಲ್ಲವನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಯಾರಿಗಾದರೂ ಮೈ ಬೆಚ್ಚಗಾಗಿದೆ ಎಂದು ಕಿವಿಗೆ ಬಿದ್ದರೆ ಸಾಕು, ಕೈಯ ತುತ್ತು ಬಿಟ್ಟು ವಿಚಾರಿಸುತ್ತಿದ್ದರು. ಎಂಥ ಕರುಣಾಳು ಎಂದುಕೊಂಡಿರಾ? ಸ್ವಲ್ಪ ತಡೆಯಿರಿ. ಅವರು ವಿಚಾರಿಸುತ್ತಿದ್ದದ್ದು ಕೋರ್ಟಿನ ನೌಕರರನ್ನು ಮಾತ್ರ. ಅದರಲ್ಲೂ ತಮಗಿಂತ ಮೇಲಿನ ಖುರ್ಚಿಯಲ್ಲಿ ಕೂತವರನ್ನು ಮಾತ್ರ!

ಅದು ನಿಜಾಮರ ಕಾಲ. ಕೋರ್ಟಿನ ಕಾಗದವೆಲ್ಲ ಉರ್ದುವಿನಲ್ಲಿ. ಮಾಮಾ ಅಹಲ್ಕಾರರು, ಅಂದರೆ ದಿನವಿಡೀ ಬರೆಯುವ ಗುಮಾಸ್ತರು. ಅವರ ಮೇಲಿನವನು ಪೇಶ್ಕಾರ, ಮುನ್ಸೀಫರ ಪಕ್ಕದಲ್ಲಿ ಕೂತು ಒಂದೊಂದೇ ಕಾಗದ ಮುಂದಿಡುವವನು. ಅಹಲ್ಕಾರನ ಪಗಾರ ನಿಜಾಮರ ಹಾಲಿ ನಾಣ್ಯದಲ್ಲಿ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ. ಪೇಶ್ಕಾರನಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು, ಮೇಲೆ ಊರ ಮಂದಿಯ ಸಲಾಮು ಬೇರೆ. ಆದರೆ ಅಹಲ್ಕಾರ ಎಷ್ಟೇ ಚೆಂದ ಬರೆದರೂ, ಎಷ್ಟೇ ಬಗ್ಗಿ ನಡೆದರೂ ಪೇಶ್ಕಾರನಾಗುವಂತಿರಲಿಲ್ಲ. ಮೇಲಿನವನು ಪಿಂಚಣಿಗೆ ಹೋಗಬೇಕು, ಇಲ್ಲವೇ ಲೋಕವನ್ನೇ ಬಿಡಬೇಕು. ಮಾಮಾನ ಇಡೀ ಭವಿಷ್ಯ ಇನ್ನೊಬ್ಬರ ಎದೆಗೂಡಿನೊಳಗೆ ಇತ್ತು ಎಂದ ಮೇಲೆ ಅವರು ಮಾಡುವುದಾದರೂ ಏನು?

ಈ ಅಭ್ಯಾಸ ಶುರುವಾದದ್ದು ಅಹಲ್ಕಾರರಾಗುವ ಮೊದಲೇ. ಮೊದಲ ನಾಲ್ಕು ವರ್ಷ ಅವರು ಉಮೇದವಾರರಾಗಿದ್ದರು. ಸಂಬಳವಿಲ್ಲದೆ ಕೆಲಸ ಮಾಡುತ್ತ, ಒಂದು ಜಾಗ ಖಾಲಿಯಾಗಲಿ ಎಂದು ಕಾಯುವವನಿಗೆ ಉಮೇದವಾರ ಎನ್ನುತ್ತಿದ್ದರು. ಆ ಹೊತ್ತಿನಲ್ಲೇ ಕಾರಟಗಿಯಿಂದ ಹೆಣ್ಣಿನ ಕಡೆಯವರು ಬಂದರು.

“ಹುಡುಗ ಏನ್ ಮಾಡ್ತಾನ್ರಿ?” ಎಂದು ಹೆಣ್ಣಿನ ತಂದೆ ಕೇಳಿದರು.

“ಸರ್ಕಾರಿ ಕೋರ್ಟಿನ್ಯಾಗ ಅದಾನ್ರಿ,” ಎಂದರು ನಮ್ಮ ಅಜ್ಜ.

“ಪಗಾರ ಎಷ್ಟ್ರಿ?”

“ಪಗಾರ ಇನ್ನ ಚಾಲೂ ಆಗಿಲ್ರಿ.”

“ಯಾವಾಗ ಚಾಲೂ ಆಗತೈತ್ರಿ?”

ಅಜ್ಜ ಉತ್ತರ ಕೊಡುವ ಮೊದಲೇ ವರ ಮಹಾಶಯರೇ ಬಾಯಿ ಹಾಕಿದರಂತೆ: “ಅಲ್ಲಿ ಒಬ್ಬ ಮುದುಕ ಅದಾನ್ರಿ. ಈ ಚಳಿಗಾಲ ದಾಟೂದು ಕಷ್ಟ ಐತಿ.”

ಇಂಥ ಭರವಸೆಯ ಮೇಲೆ ಹೆಣ್ಣು ಕೊಟ್ಟ ಪುಣ್ಯಾತ್ಮರು ಅವರು! ಮುದುಕ ಮಾತ್ರ ಇನ್ನೂ ಮೂರು ಚಳಿಗಾಲ ಆರಾಮವಾಗಿ ದಾಟಿದ. ಅಷ್ಟೂ ದಿನ ಮಾಮಿಯ ತವರಿನಿಂದಲೇ ಜೋಳ ಬರುತ್ತಿತ್ತು.

ಕೊಪ್ಪಳ, ಯಲಬುರ್ಗಾ ಆಗ ಜಹಗೀರಿಗೆ ಸೇರಿದ್ದವು. ಅಲ್ಲಿಯ ನೌಕರರ ಪಟ್ಟಿಯೇ ಬೇರೆ. ಅಲ್ಲಿ ಹತ್ತು ಜನ ಒಟ್ಟಿಗೆ ಹಾಸಿಗೆ ಹಿಡಿದರೂ ಮಾಮಾನಿಗೆ ಒಂದು ಮಣೆಯೂ ಸಿಗುವಂತಿರಲಿಲ್ಲ. ಆದರೂ ಅವರನ್ನು ಬಿಡುತ್ತಿರಲಿಲ್ಲ. ರೂಢಿ ತಪ್ಪದಿರಲಿ ಎಂದು ಅಭ್ಯಾಸಕ್ಕೆ! ಒಮ್ಮೆ ಕೊಪ್ಪಳದ ಮದುವೆಯೊಂದರಲ್ಲಿ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ಇವರು ಎದುರು ಪಂಕ್ತಿಯ ವಯಸ್ಸಾದ ಗುಮಾಸ್ತರೊಬ್ಬರನ್ನು ನೋಡುತ್ತ ಕೂತಿದ್ದರು. ಆ ಗುಮಾಸ್ತರು ಚಕ್ಕಲಿ ಎತ್ತಿಕೊಂಡು ಕಟಕ್ಕನೆ ಕಡಿದರು. ಮಾಮಾ ನನ್ನ ಕಡೆ ಬಗ್ಗಿ, “ಇನ್ನ ಹತ್ತು ವರ್ಷ ಏನೂ ಆಗೂದಿಲ್ಲ ಬಿಡವಾ,” ಎಂದು ಬಹಳ ದುಃಖದಿಂದ ಹೇಳಿದರು. ತಮ್ಮ ಎಲೆಯ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದರು.

ಅವರ ಮುಖ್ಯ ಆಸ್ತಿ ಎಂದರೆ ಗಂಗಾವತಿ ಕೋರ್ಟಿನ ಪೇಶ್ಕಾರರು. ಕುಷ್ಟಗಿ, ಗಂಗಾವತಿ ಎರಡಕ್ಕೂ ಒಂದೇ ಪಟ್ಟಿ, ಆ ಖುರ್ಚಿ ಖಾಲಿಯಾದರೆ ಸರದಿ ನೇರವಾಗಿ ಮಾಮಾನದು. ಪೇಶ್ಕಾರರಿಗೆ ಹಳೆಯ ಕೆಮ್ಮು ಬೇರೆ ಇತ್ತು. ಹದಿನಾಲ್ಕು ವರ್ಷ ಮಾಮಾ ಆ ಕೆಮ್ಮನ್ನು ಸಾಕಿದರು ಎಂದರೂ ತಪ್ಪಿಲ್ಲ. ಯುಗಾದಿ, ಪಂಚಮಿ, ದೀಪಾವಳಿ ಬಂದಾಗೆಲ್ಲ ತಪ್ಪದೆ ಒಂದು ಕಾರ್ಡು ಬರೆಯುತ್ತಿದ್ದರು: ತಮ್ಮ ಕೆಮ್ಮು ಹೇಗಿದೆ? ನಿದ್ದೆ ಬರುತ್ತದೆಯೇ? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ? ಸವಿಸ್ತಾರವಾಗಿ ತಿಳಿಸಬೇಕು. ಅತ್ತಲಿಂದ ಉತ್ತರ ಬರುತ್ತಿತ್ತು: ತಮ್ಮಂಥವರ ಹಾರೈಕೆಯಿಂದ ಗುಣವಾಗಿದ್ದೇನೆ. ಅದನ್ನು ಓದಿದ ಮೇಲೆ ಎರಡು ದಿನ ಮಾಮಾ ಮನೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

“ಮಂದಿ ಜಾತಕಾ ನೋಡ್ತಾರ, ಇವರು ಮಂದಿ ಕೆಮ್ಮು ನೋಡ್ತಾರ,” ಎಂದು ಮಾಮಿ ಹಣೆ ಬಡಿದುಕೊಳ್ಳುತ್ತಿದ್ದಳು.

ನನ್ನನ್ನು ಗಂಗಾವತಿಗೆ ಕೊಟ್ಟಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಮಾಮಾ. ಅದು ನನ್ನ ಮೇಲಿನ ಪ್ರೀತಿ ಎಂದು ನಾನು ನಂಬಿದ್ದೆ. ಬಂದು ನೋಡಿದರೆ ನಮ್ಮ ಮನೆ ಪೇಶ್ಕಾರರ ಮನೆಗೂ ಕೋರ್ಟಿಗೂ ನಡುವೆ ಇತ್ತು! ಯುದ್ಧದ ದಿನಗಳು, ಪೆಟ್ರೋಲ್ ಸಿಗದೆ ಇದ್ದಲಿನಿಂದ ಓಡುವ ಮೋಟಾರು. ಅದರಲ್ಲಿ ಕೂತು ಮೋರೆಯೆಲ್ಲ ಮಸಿ ಮಾಡಿಕೊಂಡು ಮಾಮಾ ರಜೆ ಸಿಕ್ಕಾಗೆಲ್ಲ ಬರುತ್ತಿದ್ದರು. ನಮ್ಮ ಕಟ್ಟೆಯ ಮೇಲೆ ಕೂತು ಪೇಶ್ಕಾರರು ಹಾದುಹೋಗುವಾಗ ಕೆಮ್ಮು ಎಣಿಸುತ್ತಿದ್ದರು.

“ಏಳು,” ಎಂದರು ಒಂದು ದಿನ. “ಪಂಚಮಿಗೆ ಹನ್ನೊಂದಿದ್ವು. ಕಡಿಮಿ ಆಗ್ಯಾವಲ್ಲ?”

ಒಳಗಿನಿಂದ ನಮ್ಮತ್ತೆ ಕೂಗಿ ಹೇಳಿದರು: “ಜ್ಯೇಷ್ಠಮಧು ಕೊಟ್ಟೀನ್ರಿ ಅವರಿಗೆ. ಭಾಳ ಛಲೋ ಆಗೇತಂತ.”

ಮಾಮಾ ಅತ್ತೆಯ ಕಡೆ ನೋಡಿದ ನೋಟವನ್ನು ಏನೆಂದು ಹೇಳಲಿ? ಅವತ್ತು ನಮ್ಮ ಮನೆಯಲ್ಲಿ ಚಹಾ ಕೂಡ ಮುಟ್ಟದೆ ಹೊರಟುಹೋದರು.

ಕೊನೆಗೂ ಮಾಮಾನ ದಿನ ಬಂತು. ಪೇಶ್ಕಾರರಿಗೆ ಮುದ್ದತಿ ಜ್ವರ ಹಿಡಿಯಿತು. ಇಪ್ಪತ್ತೊಂದು ದಿನ ಎಳೆದಾಡಿಸುವ ಜ್ವರ ಅದು. ಎರಡು ಸಲ ರಜೆ ಮುಂದುವರಿಸಿದರು. ಹೊಸದಾಗಿ ಬಂದ ಮುನ್ಸೀಫರು ಬಿಗಿ ಮನುಷ್ಯ. ಬರುವ ಸೋಮವಾರ ಖುರ್ಚಿಯಲ್ಲಿ ಕೂತು ಹಾಜರಿಗೆ ಸಹಿ ಹಾಕದಿದ್ದರೆ ನೌಕರಿಗೆ ಇವರು ಅನರ್ಹ ಎಂದು ಮೇಲಕ್ಕೆ ಬರೆಯುತ್ತೇನೆ ಎಂದುಬಿಟ್ಟರು. ಪೂರಾ ಪಿಂಚಣಿಗೆ ಪೇಶ್ಕಾರರಿಗೆ ಎಂಟೇ ತಿಂಗಳು ಬಾಕಿ ಇತ್ತು. ಈಗಲೇ ತೆಗೆದುಹಾಕಿದರೆ ಪಿಂಚಣಿಯೇ ಇಲ್ಲ. ಖುರ್ಚಿ ಮಾತ್ರ ಆ ಸಂಜೆಯೇ ಮಾಮಾನದು.

ಸುದ್ದಿ ತಿಳಿದ ಮಾಮಾ ರಜೆ ಹಾಕಿ, ಹೊಸ ಶೇರವಾನಿ ಹೊಲಿಸಿಕೊಂಡೇ ಗಂಗಾವತಿಗೆ ಬಂದರು. “ನೋಡಿ ಬರೂಣ ನಡಿಯವಾ, ಈಗ ಹೆಂಗದಾರ,” ಎಂದರು. ನಾನು ಒಂದು ತಪ್ಪೇಲಿ ಗಂಜಿ ಹಿಡಿದುಕೊಂಡು ಹಿಂದೆ ಹೋದೆ.

ಪೇಶ್ಕಾರರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಹೆಂಡತಿ ಒಬ್ಬರೇ. ಗಂಡನನ್ನು ಎತ್ತಿ ಕೂರಿಸುವ ಶಕ್ತಿಯೂ ಆಕೆಯಲ್ಲಿ ಉಳಿದಿರಲಿಲ್ಲ. ಮಾಮಾ ಯಾರೆಂದು ಹೇಳಿದ ಕೂಡಲೇ ಆಕೆ ಒಳಗೆ ಹೋಗಿ ದಾರ ಕಟ್ಟಿದ ಒಂದು ಕಟ್ಟು ತಂದು ಮುಂದಿಟ್ಟರು. ಹದಿನಾಲ್ಕು ವರ್ಷದ ಕಾರ್ಡುಗಳು, ಒಂದೂ ಕಳೆದಿರಲಿಲ್ಲ.

“ಅಣ್ಣಾರ, ಇವರ ಕಡಿಯವರು ಒಬ್ಬರೂ ಹೆಂಗದೀರಿ ಅಂತ ಕೇಳಿಲ್ರಿ,” ಎಂದರು ಆಕೆ. “ಹಬ್ಬ ಬಂತಂದ್ರ ಇವರು ಅಂಚೆಯವನ ಹಾದಿ ಕಾಯ್ತಿದ್ರು. ನನಗೂ ಒಬ್ಬಾಂವ ಅದಾನ ನೋಡು ಅಂತಿದ್ರು.”

ಮಾಮಾ ದಾರ ಬಿಚ್ಚಿ ತಮ್ಮ ಕಾರ್ಡುಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ತಪ್ಪೇಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಪೇಶ್ಕಾರರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸತೊಡಗಿದರು.

ಅರ್ಧ ತಾಸಿಗೆಂದು ಹೋದವರು ನಾಲ್ಕು ದಿನ ಆ ಮನೆಯಲ್ಲೇ ಉಳಿದರು. ಮೈ ಒರೆಸಿದರು, ಹಕೀಮರನ್ನು ಕರೆತಂದರು, ಔಷಧಿ ಬೇಡವೆಂದರೆ ಪೇಶ್ಕಾರರನ್ನೇ ಗದರಿಸಿದರು. ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರು.

“ಅಕ್ಕಾರ, ಆ ಜ್ಯೇಷ್ಠಮಧು ಇನ್ನಷ್ಟು ಐತೇನ್ರಿ?”

ನಮ್ಮತ್ತೆ ನಗದೆ ಕೊಟ್ಟರು. ಒಳಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಮವಾರ ಬಂತು. ಜ್ವರ ಇಳಿದಿತ್ತು, ನಿಲ್ಲುವ ಶಕ್ತಿ ಇರಲಿಲ್ಲ. ಮಾಮಾ ಬೆಳಿಗ್ಗೆಯೇ ಬಂದು ನಮ್ಮ ಬಂಡಿ ಕೇಳಿದರು. ನನ್ನ ಯಜಮಾನರೇ ಬಂಡಿ ಹೊಡೆದುಕೊಂಡು ಹೋದರು, ಹಾಗಾಗಿ ಮುಂದಿನದನ್ನು ಅವರ ಬಾಯಿಂದ ಕೇಳಿದ್ದೇನೆ. ಪೇಶ್ಕಾರರು ಎಷ್ಟು ಇಳಿದುಹೋಗಿದ್ದರೆಂದರೆ ಅವರ ಶೇರವಾನಿ ಮೈಮೇಲೆ ಜೋಲಾಡುತ್ತಿತ್ತು. ಮುನ್ಸೀಫರಿಗೆ ರೋಗಿಯಂತೆ ಕಾಣಬಾರದು ಎಂದು ಮಾಮಾ ತಮ್ಮ ಹೊಸ ಶೇರವಾನಿಯನ್ನೇ ತೊಡಿಸಿದರು. ಇವರು ಹೊಲಿಸಿಕೊಂಡದ್ದು ಅವರಿಗೆ ಸರಿಯಾಗಿ ಕೂತಿತಂತೆ. ಕೋರ್ಟಿನ ಮೆಟ್ಟಿಲ ಬಳಿ ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿ, ಒಳಗೆ ಒಯ್ದು, ಆ ಖುರ್ಚಿಯಲ್ಲಿ ತಾವೇ ಕೂರಿಸಿದರು. ಲೇಖನಿಯನ್ನು ಮಸಿಯಲ್ಲಿ ಅದ್ದಿ ಬೆರಳುಗಳ ನಡುವೆ ಇಟ್ಟರು. ಸಹಿಯಾಯಿತು.

ಮುನ್ಸೀಫರು ತಲೆಯೆತ್ತಿ, “ನೀವು ಯಾರು?” ಎಂದು ಕೇಳಿದರು.

ಮಾಮಾ ದೇವರ ಮುಂದೆ ನಿಂತರೂ ಮೊದಲು ಕುಷ್ಟಗಿ ಕೋರ್ಟಿನ ಅಹಲ್ಕಾರ ಎನ್ನುತ್ತಿದ್ದರು, ಹೆಸರು ಆಮೇಲೆ. ಅವತ್ತು ಮಾತ್ರ “ಇವರ ತಮ್ಮ, ಸಾಹೇಬ್ರ,” ಎಂದರಂತೆ.

ಪೇಶ್ಕಾರರು ಎಂಟು ತಿಂಗಳು ಮುಗಿಸಿ ಪೂರಾ ಪಿಂಚಣಿ ಪಡೆದರು. ಅಷ್ಟರಲ್ಲಿ ನಿಜಾಮರ ರಾಜ್ಯವೇ ಮುಗಿಯಿತು. ಉರ್ದು ಕಾಗದಗಳು ಅಟ್ಟ ಸೇರಿದವು, ಹಳೆಯ ಪಟ್ಟಿಯನ್ನು ಕೇಳುವವರೇ ಇಲ್ಲವಾದರು, ಆ ಖುರ್ಚಿಗೆ ಬೇರೆ ಕಡೆಯಿಂದ ಹೊಸ ಹುಡುಗ ಬಂದ. ಮಾಮಾ ಅಹಲ್ಕಾರರಾಗಿಯೇ ನೌಕರಿ ಮುಗಿಸಿದರು.

ಬಹಳ ವರ್ಷಗಳಾದ ಮೇಲೆ ಪೇಶ್ಕಾರರು ತೀರಿಕೊಂಡರು. ಸುದ್ದಿ ಮುಟ್ಟಿದ ದಿನವೇ ಮಾಮಾ ಬಂದರು, ಮಣ್ಣು ಕೊಟ್ಟರು, ನಮ್ಮ ಮನೆಗೆ ಬಂದು ಸ್ನಾನ ಮಾಡಿ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತರು. ನಾನು ತಾಟು ಇಟ್ಟೆ. ಅವರು ರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ.

“ಅಣ್ಣ ಹೋದ್ನವಾ,” ಎಂದರು. ಅಷ್ಟು ದೊಡ್ಡ ಮನುಷ್ಯ ನನ್ನ ಸೆರಗಿನ ತುದಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.