ಅಳಿಯನ ಸೋಡಾ ಮಿಷನ್ನು

"ಇನ್ನು ಮ್ಯಾಲ ಬಾಟ್ಲಿ ಇಲ್ಲ, ನಳಾ!"

ಹೀಗೆಂದು ಸಿದ್ಧಲಿಂಗೇಶ್ ಅಮೆರಿಕದ ಫೋರ್ಟ್ ಮಿಲ್ ಊರಿನ ತನ್ನ ಗರಾಜಿನಲ್ಲಿ ಘೋಷಿಸಿದಾಗ ಅಲ್ಲಿದ್ದದ್ದು ಹುಲ್ಲು ಕತ್ತರಿಸುವ ಯಂತ್ರ ಮತ್ತು ಹೆಂಡತಿ ಶ್ರೀದೇವಿ.

ಕೋವಿಡ್ ಕಾಲದಲ್ಲಿ ಊರಿಗೆ ಊರೇ ಬ್ರೆಡ್ ಬೇಯಿಸಲು ಕೂತಾಗ ಈ ಮಹಾಶಯ ಬಿಯರ್ ಮಾಡಲು ಕಲಿತಿದ್ದ. ಬಾಟಲಿಗೆ ತುಂಬಿದ್ದು ಒಮ್ಮೆ ಸಪ್ಪೆ, ಇನ್ನೊಮ್ಮೆ ಸಿಡಿಗುಂಡು! ಈಗ ತಂದದ್ದು ಚೆಂಬಿನ ಅಣ್ಣನಂಥ ಪುಟ್ಟ ಸ್ಟೀಲ್ ಕೆಗ್. ಮೇಲೊಂದು ನಲ್ಲಿ, ಪಕ್ಕದಲ್ಲಿ ಒತ್ತಡದ ತಿರುಪು, ಅದಕ್ಕೆ ಸಿಕ್ಕಿಸಲು ಬೆರಳುದ್ದದ ಗ್ಯಾಸ್ ಸಿಲಿಂಡರುಗಳ ಒಂದು ಡಬ್ಬಿ. ಬಿಯರ್ ತುಂಬು, ಗ್ಯಾಸ್ ಬಿಡು, ನಾಲ್ಕು ದಿನ ತಣ್ಣಗಿಡು. ನೊರೆ ತಾನಾಗಿ ಬರುತ್ತದೆ. ಆದರೆ ಆಫೀಸಿನ ಬಾಸ್ ಗ್ಯಾರಿ, ಹಳೆಯ ಬಿಯರ್ ಪಂಡಿತ, "ಸಿದ್, ಕೆಗ್ ಅಂದರೆ ಮಕ್ಕಳಾಟ ಅಲ್ಲ" ಎಂದು ನಕ್ಕುಬಿಟ್ಟ. "ಮುಂದಿನ ಶನಿವಾರ ಮನೆಗೆ ಬಾ, ತೋರಿಸ್ತೀನಿ!" ಎಂದು ಇವನು ಇಡೀ ಟೀಮಿನ ಎದುರು ಸವಾಲು ಹಾಕಿದ. ಕೆಮಿಕಲ್ ಎಂಜಿನಿಯರ್ ಸಿದ್ಧಲಿಂಗೇಶನ ಮಾನ ಅಂದಿನಿಂದ ಆ ನಲ್ಲಿಯ ತುದಿಯಲ್ಲಿ ನೇತಾಡತೊಡಗಿತು.

ಒಂದೇ ಒಂದು ತೊಡಕು. ಬಾಗಲಕೋಟೆಯಿಂದ ಅತ್ತೆ ಬಸವ್ವ ಬಂದಿದ್ದರು. ಅವರ ಯಜಮಾನರು, ದಿವಂಗತ ಬಸಲಿಂಗಪ್ಪನವರು, ಅಬಕಾರಿ ಇನ್ಸ್‌ಪೆಕ್ಟರ್. ಕಳ್ಳಭಟ್ಟಿ ಒಡೆಯುವುದೇ ಅವರ ಕಸುಬು. ಆ ಮನೆಯಲ್ಲಿ ದ್ರಾಕ್ಷಿ ಹಣ್ಣನ್ನೂ ಅನುಮಾನದಿಂದ ನೋಡುತ್ತಿದ್ದರಂತೆ!

ಆಯುಧಪೂಜೆಯ ದಿನ ಬಸವ್ವ ಕಾರಿಗೆ, ಹುಲ್ಲಿನ ಯಂತ್ರಕ್ಕೆ ವಿಭೂತಿ ಹಚ್ಚುತ್ತ ಹಚ್ಚುತ್ತ ಕೆಗ್ಗಿನ ಮುಂದೆ ಬಂದು ನಿಂತರು.

"ಇದೇನ್ರಿ ಅಳಿಯಂದ್ರ?"

"ಸೋ... ಸೋಡಾ ಮಿಷನ್ರಿ, ಅತ್ತಿಯವ್ರ."

"ಹೌದಾ! ಹೆಂಗ ನಡೀತದ?"

ವಿವರಿಸು ಎಂದರೆ ಎಂಜಿನಿಯರ್ ಸುಮ್ಮನಿರುವುದುಂಟೆ? "ಎಲ್ಲಾ ಈ ಗ್ಯಾಸಿನ್ಯಾಗ ಐತ್ರಿ. ಗ್ಯಾಸ್ ತೀರಿತಂದ್ರ ಇದು ಬರೇ ಚೆಂಬು!"

ಬಸವ್ವ ತಲೆದೂಗಿ ಕೆಗ್ಗಿನ ಹಣೆಗೆ ಮೂರು ಬೆರಳು ವಿಭೂತಿ ಎಳೆದರು. "ಹಂಗಾದ್ರ ಒಂದ್ ಗ್ಲಾಸ್ ಕೊಡ್ರಿ. ವಿಮಾನದಾಗ ಕುಂತು ಕುಂತು ಹೊಟ್ಟಿ ಉಬ್ಬರಿಸೇತಿ."

ಕೆಗ್ಗಿಗೆ ಇಳಿಯಬೇಕಿದ್ದ ಬಿಯರ್ ಮೆಟ್ಟಿಲ ಕೆಳಗಿನ ಗೂಡಿನ ಬಕೆಟ್ಟಿನಲ್ಲೇ ಕಾಯುತ್ತ ಕೂತಿತು. ಕೆಗ್ಗಿಗೆ ನೀರು ಬಿತ್ತು. ಒಂದು ಸಿಲಿಂಡರ್ ಸ್ವಾಹಾ! ಮರುದಿನ ಲಿಂಬೆ ಸೋಡಾ. ಅದರ ಮರುದಿನ ಜೀರಿಗೆ ಸೋಡಾ. ಆಮೇಲೆ ಅತ್ತೆ ಇಲ್ಲಿ ಸೇರಿಕೊಂಡಿದ್ದ ವಚನ ಬಳಗದ ಹೆಂಗಸರಿಗೂ ಸೋಡಾ. ಒಂದು ಸುಳ್ಳು ಹೇಳಿದ ತಪ್ಪಿಗೆ ಅಮೆರಿಕದ ಎಂಜಿನಿಯರ್ ಬಸ್‌ಸ್ಟ್ಯಾಂಡಿನ ಗೋಲಿ ಸೋಡಾದವನಾದ.

"ಶ್ರೀ, ಇಷ್ಟು ಸೋಡಾ ಕುಡದ್ರ ಛಲೋ ಅಲ್ಲಂತ ನಿಮ್ಮವ್ವಗ ಹೇಳಬಾರ್ದೇನು?"

"ಮಿಷನ್ ಯಾರದು? ಸುಳ್ಳು ಯಾರದು? ನಡುವ ನನ್ನ ಎಳೀಬ್ಯಾಡ್ರಿ."

ಹೊಸ ಡಬ್ಬಿ ಆರ್ಡರ್ ಮಾಡಿದರೆ ಬರುವುದು ಸೋಮವಾರ! ಕೊನೆಗೆ ಉಳಿದ ಒಂದೇ ಒಂದು ಸಿಲಿಂಡರನ್ನು ಸಿದ್ಧಲಿಂಗೇಶ್ ತನ್ನ ಕಾಲುಚೀಲದೊಳಗೆ ಬಚ್ಚಿಟ್ಟ.

ಶುಕ್ರವಾರ ಸಂಜೆ ಬಸವ್ವ ವಾಕಿಂಗ್ ಹೋದದ್ದೇ ತಡ, ಉಳಿದ ಸೋಡಾ ಮೋರಿಗೆ ಹೋಯಿತು, ಬಿಯರ್ ಕೆಗ್ಗಿಗೆ ಇಳಿಯಿತು. ನಾಲ್ಕು ದಿನ ಕಾಯಲು ಪುರುಸೊತ್ತೆಲ್ಲಿ? ಅಲ್ಲಾಡಿಸಿದರೆ ಗ್ಯಾಸ್ ಬೇಗ ಬೆರೆಯುತ್ತದೆಂದು ಓದಿದ್ದ. ಕಾಲುಚೀಲದ ಸಿಲಿಂಡರ್ ಸಿಕ್ಕಿಸಿ, ತಿರುಪನ್ನು ಕೊನೆಯವರೆಗೂ ತಿರುಗಿಸಿ, ಬಾಣಂತಿ ಮನೆಯ ಅಜ್ಜಿ ಕೂಸಿಗೆ ಎರೆಯುವಂತೆ ಕಾಲು ಚಾಚಿ ಕೂತು, ಕೆಗ್ಗನ್ನು ಮೊಣಕಾಲ ಮೇಲೆ ಮಲಗಿಸಿ ತೂಗತೊಡಗಿದ.

ಬಾಗಿಲಲ್ಲಿ ಶ್ರೀದೇವಿ ಕಾಣಿಸಿದಳು. "ಜೋಗುಳ ಹಾಡ್ಲೇನ್ರಿ?"

ಶನಿವಾರ ಗ್ಯಾರಿ ಪಡೆಸಮೇತ ಬಂದ. ಕೆಗ್ಗಿನ ಮೇಲಿನ ವಿಭೂತಿ ನೋಡಿ, "ಓಹೋ, ನಿನ್ನ ಬ್ರ್ಯೂವರಿಗೆ ಲೋಗೋ ಕೂಡ ಇದೆಯಾ!" ಎಂದು ಮೆಚ್ಚಿದ. ಸಿದ್ಧಲಿಂಗೇಶ್ ಎದೆಯುಬ್ಬಿಸುವಷ್ಟರಲ್ಲಿ ವಚನ ಬಳಗದ ಹೆಂಗಸರು ಒಳಗೆ ಬಂದರು. ಮುಂದೆ ಬಸವ್ವ, ಕೈಯಲ್ಲಿ ಗ್ಲಾಸು.

"ಬರ್ರಿ ಬರ್ರಿ, ನಿನ್ನೀ ಸೋಡಾ ಇನ್ನೂ ಉಳದಿರಬೇಕು. ಮೊದ್ಲ ನಮ್ಮ ಅಳಿಯಂದ್ರ ಸಾಹೇಬ್ರಿಗೆ ಕೊಡೂಣು."

"ಅತ್ತಿಯವ್ರ, ಬ್ಯಾಡ್ರಿ!"

ಅಷ್ಟರಲ್ಲಿ ಬಸವ್ವ ನಲ್ಲಿ ತಿರುಗಿಸಿಯಾಗಿತ್ತು. ಬುಸ್ಸೆಂದು ನೊರೆ ನುಗ್ಗಿತು! ಸಿದ್ಧಲಿಂಗೇಶ್ ಹಾರಿಬಂದು ಅಂಗೈಯಿಂದ ನಲ್ಲಿಯ ಬಾಯಿ ಒತ್ತಿದ. ಅದೇ ತಪ್ಪಾಯಿತು. ನೊರೆ ನಾಲ್ಕು ದಿಕ್ಕಿಗೂ ಚಿಮ್ಮಿ, ಸೂರಿಗೆ ಅಪ್ಪಳಿಸಿ, ಗ್ಯಾರಿಯ ಕನ್ನಡಕಕ್ಕೂ ಇಳಕಲ್ ಸೀರೆಗಳಿಗೂ ಸಮನಾಗಿ ಹಂಚಿಹೋಗಿ, ಉಳಿದದ್ದು ಅಳಿಯನ ನೆತ್ತಿಗೆ ಅಭಿಷೇಕವಾಯಿತು. ಗರಾಜಿನ ತುಂಬ ಬಿಯರಿನ ಘಮ!

ಗ್ಯಾರಿ ಮೀಸೆ ನೆಕ್ಕಿಕೊಂಡ. "ರುಚಿ ಪರವಾಗಿಲ್ಲ, ಸಿದ್. ಗ್ಲಾಸಿಗೆ ಯಾವಾಗ ಬರುತ್ತೆ?"

ಸಿದ್ಧಲಿಂಗೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅತ್ತಿಯವ್ರ... ಸೋಡಾ ಸ್ವಲ್ಪ ಹುಳಿ ಆಗೇತ್ರಿ..."

ಬಸವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಸಾಕ ಬಿಡ್ರಿ. ಇಂಥಾ ಸೋಡಾ ಹಿಡೀಲಿಕ್ಕಂತನ ನಿಮ್ಮ ಮಾವಾರಿಗೆ ಸರ್ಕಾರ ಪಗಾರ ಕೊಡ್ತಿತ್ತು! ಮೆಟ್ಲ ಕೆಳಗಿನ ಬಕೀಟಿನ ವಾಸನಿ ನಾ ಬಂದ ದಿನಾನ ಹತ್ತಿತ್ತು ನನಗ. ಅಳಿಯಂದ್ರ ಮಾನ ಕಳೀಬಾರ್ದು, ಗ್ಯಾಸ್ ತೀರ್ಲಿ ಅಂತ ದಿನಾ ಸೋಡಾ ಕುಡದೆ. ನನ್ನ ಹೊಟ್ಟಿ ನಗಾರಿ ಆಗೇತಿ!"

ನೊರೆ ತೊಟ್ಟಿಕ್ಕುವ ತಲೆಯನ್ನು ಸಿದ್ಧಲಿಂಗೇಶ್ ಇನ್ನಷ್ಟು ತಗ್ಗಿಸಿದ. ಬಸವ್ವ ಕೆಗ್ಗಿಗೆ ಸಿಕ್ಕಿಸಿದ್ದ ಸಿಲಿಂಡರನ್ನು ದಿಟ್ಟಿಸಿದರು.

"ಎಲ್ಲಾ ಮುಗದಾವಂತ ತಿಳದಿದ್ನಲ್ಲ. ಇದೊಂದು ಎಲ್ಲಿ ಮುಚ್ಚಿಟ್ಟಿದ್ರಿ?"

"ಕಾಲಚೀಲದಾಗ್ರಿ."

"ಅಯ್ಯ ಶಿವನ!" ಬಸವ್ವ ನಿಟ್ಟುಸಿರುಬಿಟ್ಟರು. "ನಿಮ್ಮ ಮಾವಾರು ಇದ್ದಿದ್ರ ಮೊದ್ಲ ಅಲ್ಲೇ ಕೈ ಹಾಕ್ತಿದ್ರು ನೋಡ್ರಿ."